ಮುತ್ತಜ್ಜನ ಪಲ್ಟನ್ ಯಾವುದು?

ಪ್ರಶ್ನೆ: ನಮ್ಮೂರು ಧಾರವಾಡ ಕಡೆ. ಮುತ್ತಜ್ಜ ಬ್ರಿಟಿಷರ ಬಾಂಬೆ ಸೇನೆಯಲ್ಲಿ ಸಿಪಾಯಿ ಆಗಿದ್ದರಂತೆ. ಆನೆ ಚಿತ್ರದ ಕೆಳಗೆ 1878-79-80 ಎಂದಿರುವ ಬೆಳ್ಳಿ ಪದಕ ಬಿಟ್ಟರೆ ಬೇರೇನೂ ಇಲ್ಲ. ಹೇಗೆ ಹುಡುಕಲಿ?
– ಓದುಗರು, ಖಡಕಿ, ಪುಣೆ

ಉತ್ತರ: ಅದು ಎರಡನೇ ಅಫ್ಘಾನ್ ಯುದ್ಧದ ಪದಕ, ಭಾಗ್ಯ ನಿಮ್ಮದು! ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅದರ ಅಂಚನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಸುತ್ತಲೂ ನಿಧಾನವಾಗಿ ನೋಡಿ. ಸಾಮಾನ್ಯವಾಗಿ ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟನ್ (ಅಂದರೆ ರೆಜಿಮೆಂಟ್) ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಲ್ಲೇ ಕೆತ್ತಿರುತ್ತಾರೆ. ಹೆಸರಿನ ಸ್ಪೆಲಿಂಗ್ ವಿಚಿತ್ರವಾಗಿದ್ದರೆ ಗಾಬರಿ ಬೇಡ. ಪಲ್ಟನ್ ಗೊತ್ತಿಲ್ಲದೆ ಸುಮ್ನೆ ಹೆಸರು ಹಿಡಿದು ಹುಡುಕಿದರೆ ಏನೂ ಸಿಗಲ್ಲ. ಬಾಂಬೆ ಸೇನೆ 1895ರವರೆಗೆ ಬ್ರಿಟಿಷರ ಬಂಗಾಳ, ಮದ್ರಾಸ್ ಸೇನೆಗಳಿಂದ ಬೇರೆಯೇ ಇತ್ತು, ಅದರ ಕಾಗದಪತ್ರ ಜಾಸ್ತಿ ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಆಗ ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆಗಳಲ್ಲಿ. ಮುಂಬೈಯ ಕಾಲಾ ಘೋಡಾದಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಿ.