ಶಾಲೆಯ ಡ್ರಿಲ್‌ನಿಂದ ಕ್ರೀಡಾ ವಿಜ್ಞಾನದವರೆಗೆ ಬಂದದ್ದು ಹೇಗೆ?

ಇದಕ್ಕೆ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಒಳ್ಳೆಯ ಉದಾಹರಣೆ. ಕತ್ತಿವರಸೆ ಕಲಿಸುತ್ತಿದ್ದ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಅಲ್ಲಿ ವ್ಯಾಯಾಮ ಶಿಕ್ಷಣದ ಸಂಸ್ಥೆ ಕಟ್ಟಿದರು. ಸಾಲಾಗಿ ನಿಂತು, ಶಿಕ್ಷಕರ ಆಜ್ಞೆಗೆ ತಕ್ಕಂತೆ ಕೈಕಾಲು ಆಡಿಸುವ ಪದ್ಧತಿ ಅದು. ಆರೋಗ್ಯ, ಶಿಸ್ತು, ಸೈನಿಕರ ತಯಾರಿ ಅದರ ಗುರಿಗಳಾಗಿದ್ದವು. ವ್ಯಾಯಾಮದ ಹೊತ್ತಲ್ಲಿ ದೇಹದೊಳಗೆ ಏನಾಗುತ್ತದೆ ಎಂದು ಅಳೆಯುವ ದಾರಿ ಮಾತ್ರ ಇರಲಿಲ್ಲ.

ನನ್ನ ಪ್ರಕಾರ, ಅಳತೆ ಬಂದಾಗಲೇ ಇದು ವಿಜ್ಞಾನವಾಯಿತು. 1920ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಎ.ವಿ. ಹಿಲ್, ಓಡುವವರು ಬಿಟ್ಟ ಉಸಿರನ್ನು ಬೆನ್ನಿಗೆ ಕಟ್ಟಿದ ಚೀಲದಲ್ಲಿ ಹಿಡಿದು ಪರೀಕ್ಷಿಸಿದರು. ಎಷ್ಟೇ ಜೋರಾಗಿ ಓಡಿದರೂ ಆಮ್ಲಜನಕದ ಬಳಕೆ ಒಂದು ಮಿತಿ ದಾಟುವುದಿಲ್ಲ ಎಂದು ಹೇಳಿದರು. ಇವತ್ತು ಕೋಚ್‌ಗಳು ವಿಓ-ಟೂ ಮ್ಯಾಕ್ಸ್ ಎನ್ನುವುದು ಇದನ್ನೇ. ಮುಂದೆ ಲಿಂಗ್ ಕಟ್ಟಿದ ಸಂಸ್ಥೆಯಲ್ಲೇ ಪೆರ್-ಉಲೋಫ್ ಓಸ್ಟ್ರಾಂಡ್, ಸೈಕಲ್ ತುಳಿಯುವಾಗಿನ ಹೃದಯ ಬಡಿತದಿಂದ ಆ ಮಿತಿಯನ್ನು ಅಂದಾಜು ಮಾಡುವ ವಿಧಾನ ರೂಪಿಸಿದರು (1954).

ಇನ್ನೂ ಸೊಗಸಾದದ್ದು 1966ರ ಪ್ರಯೋಗ. ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಎಂಬ ಸ್ವೀಡನ್ನಿನ ಇಬ್ಬರು ಸಂಶೋಧಕರು ಒಂದೇ ಸೈಕಲ್ಲಿನ ಆಚೆ ಈಚೆ ಕೂತು, ತಲಾ ಒಂದೇ ಕಾಲಿನಿಂದ ಸುಸ್ತಾಗುವವರೆಗೆ ತುಳಿದರು. ಸೂಜಿಯಿಂದ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರೆ, ದುಡಿದ ಕಾಲಲ್ಲಿ ಗ್ಲೈಕೋಜನ್ (ಸ್ನಾಯು ಇಂಧನವಾಗಿ ಕೂಡಿಟ್ಟುಕೊಳ್ಳುವ ಸಕ್ಕರೆ) ಹೆಚ್ಚುಕಡಿಮೆ ಖಾಲಿ. ಮೂರು ದಿನ ಕಾರ್ಬೋಹೈಡ್ರೇಟ್ ಹೆಚ್ಚಿರುವ ಊಟ ಮಾಡಿದ ಮೇಲೆ, ಸುಮ್ಮನಿದ್ದ ಕಾಲಿಗಿಂತ ಸುಮಾರು ಎರಡು ಪಟ್ಟು ಗ್ಲೈಕೋಜನ್ ಆ ದುಡಿದ ಕಾಲಲ್ಲಿ ತುಂಬಿತ್ತು! ಮ್ಯಾರಥಾನ್ ಓಟಗಾರರು ಓಟಕ್ಕೆ ಮುಂಚಿನ ದಿನಗಳಲ್ಲಿ ಅನ್ನ, ಪಾಸ್ತಾ ಜಾಸ್ತಿ ತಿನ್ನುವ ರೂಢಿಗೆ ಆಧಾರ ಸಿಕ್ಕಿದ್ದು ಇಂಥ ಪ್ರಯೋಗಗಳಿಂದಲೇ.