ಗಾಜಿನ ಪೆಟ್ಟಿಗೆಗಳಿಲ್ಲದೆ ಮಣ್ಣಿನ ಪಾತ್ರೆಗಳ ಪ್ರದರ್ಶನ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಕಾಲೇಜಿನ ಹಳೆಯ ಕೊಠಡಿಯಲ್ಲಿ ಪುಟ್ಟ ಸಂಗ್ರಹಾಲಯ ತೆರೆಯಬೇಕು. ಊರವರು ಕೊಟ್ಟ ನಲವತ್ತು ಮಣ್ಣಿನ ಪಾತ್ರೆಗಳಿವೆ. ಇತಿಹಾಸ ವಿಭಾಗದ ಬೀರುವಿನಲ್ಲಿ ಕೆಲವು ಪ್ರಾಚೀನ ಕಪ್ಪು-ಕೆಂಪು ಬಟ್ಟಲುಗಳೂ ಒಂದಷ್ಟು ಬೋಕಿಗಳೂ (ಒಡೆದ ಮಡಕೆಯ ಚೂರುಗಳು) ಇವೆ. ಗಾಜಿನ ಪೆಟ್ಟಿಗೆಗಳಿಗೆ ಹಣವಿಲ್ಲ.

ಸಣ್ಣ ಸಂಗ್ರಹಾಲಯಗಳಿಗೆ ವಸ್ತುಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಹಣವಿಲ್ಲದ್ದು ಅಷ್ಟೇನೂ ದೊಡ್ಡ ತೊಂದರೆಯಲ್ಲ. ನಲವತ್ತನ್ನೂ ಇಡಲೇಬೇಕೆಂಬ ಹಟವೇ ಹೆಚ್ಚು ತೊಂದರೆ ಕೊಡುತ್ತದೆ. ಸಾಲಾಗಿ ನಿಲ್ಲಿಸಿದ ನಲವತ್ತು ಮಡಕೆಗಳು ಸಂತೆಯಂತೆ ಕಾಣುತ್ತವೆ. ಹದಿನೈದನ್ನು ಆರಿಸಿ, ಉಳಿದವನ್ನು ಭದ್ರವಾಗಿ ಒಳಗಿಡಿ. ಕೊಟ್ಟವರು ಬೇಸರಪಟ್ಟುಕೊಂಡರೆ ಆರು ತಿಂಗಳಿಗೊಮ್ಮೆ ಬದಲಿಸುತ್ತೇವೆ ಎನ್ನಿ, ಹೇಳಿದಂತೆ ಬದಲಿಸಿ.

ಆರಿಸುವಾಗ ಪ್ರತಿ ಪಾತ್ರೆಯನ್ನೂ ಮೇಜಿನ ಮೇಲಿಟ್ಟು ಸುತ್ತಲೂ ನೋಡಿ. ಅದು ಹೇಗೆ ಹುಟ್ಟಿತು, ಯಾವುದಕ್ಕೆ ಬಳಕೆಯಾಯಿತು ಎಂಬುದು ಯಾವ ಭಾಗದಲ್ಲಿ ಕಾಣುತ್ತದೆ? ಕೆಲವಕ್ಕೆ ಕತ್ತಿನಲ್ಲಿ, ಕೆಲವಕ್ಕೆ ಬುಡದಲ್ಲಿ, ಕೆಲವಕ್ಕೆ ಒಳಮೈಯಲ್ಲಿ. ಆ ಭಾಗ ನೋಡುಗರ ಕಣ್ಣಿಗೆ ಬೀಳುವ ಎತ್ತರವೇ ಆ ಪಾತ್ರೆಯ ಎತ್ತರ. ಎಲ್ಲವನ್ನೂ ಒಂದೇ ಮಟ್ಟದ ಮೇಜಿನ ಮೇಲೆ ಇಡುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಕಪ್ಪು-ಕೆಂಪು ಬಟ್ಟಲುಗಳನ್ನೇ ತೆಗೆದುಕೊಳ್ಳಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿದಾಗ ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಪ್ರಾಚೀನ ಜನರ, ಗೋರಿಗಳಲ್ಲಿ ಇಂಥವೇ ಸಿಕ್ಕವು. ಇವುಗಳ ಒಳಮೈ ಮತ್ತು ಬಾಯಂಚು ಕಪ್ಪು, ಹೊರಗೆ ಕೆಳಭಾಗ ಕೆಂಪು. ಬೋರಲು ಹಾಕಿ ಸುಟ್ಟಾಗ ಒಳಭಾಗಕ್ಕೆ ಗಾಳಿ ಸಿಗದೆ ಕಪ್ಪಾಯಿತು, ಗಾಳಿಯಾಡಿದ ಹೊರಮೈ ಕೆಂಪಾಯಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಬಟ್ಟಲನ್ನು ಕಣ್ಣಿನ ಮಟ್ಟದಲ್ಲಿ ಇಟ್ಟರೆ ಒಳಗಿನ ಕಪ್ಪು ಯಾರಿಗೂ ಕಾಣುವುದಿಲ್ಲ. ಎರಡೂವರೆ ಅಡಿ ಎತ್ತರದಲ್ಲಿ ಇಟ್ಟರೆ ದೊಡ್ಡವರು ಬಗ್ಗಿ ಒಳಗೆ ನೋಡುತ್ತಾರೆ, ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಕಾಣುತ್ತದೆ. ಪಕ್ಕದಲ್ಲಿ ಅದೇ ಬಗೆಯ ಒಂದು ಬೋಕಿಯನ್ನು ಅಡ್ಡವಾಗಿ ಇಡಿ, ಒಡೆದ ಅಂಚಿನಲ್ಲಿ ಎರಡು ಬಣ್ಣಗಳು ಸೇರುವುದು ಕಾಣಲಿ. ವಿವರಣೆಯ ಫಲಕದ ಅರ್ಧ ಕೆಲಸ ಆ ಚೂರೇ ಮಾಡಿಬಿಡುತ್ತದೆ.

ಈ ಪ್ರಾಚೀನ ವಸ್ತುಗಳಿಗೆ ಮಾತ್ರ ಗಾಜು ಬೇಕು. ಊರಿನ ಬೇಕರಿಯಲ್ಲಿ ಹೊಸದು ತಂದು ಹಳೆಯ ಗಾಜಿನ ಕೌಂಟರನ್ನು ಮೂಲೆಗೆ ತಳ್ಳಿರುತ್ತಾರೆ, ಕೇಳಿ ನೋಡಿ. ಮೇಲಿನಿಂದ ನೋಡುವ ವಸ್ತುಗಳಿಗೆ ಅದರ ಎತ್ತರ ಹೇಳಿ ಮಾಡಿಸಿದಂತಿರುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ, ಒಳಗಿನ ದೀಪವನ್ನು ತೆಗೆದುಹಾಕಿ, ಬೀಗ ಹಾಕಿಸಿ. ಒಳಗೆ ಹೊಸ ಪ್ಲೈವುಡ್ ಹಾಸಬೇಡಿ, ಮುಚ್ಚಿದ ಜಾಗದಲ್ಲಿ ಅದರಿಂದ ಆಮ್ಲದ ಆವಿ ಹೊರಡುತ್ತದೆ. ಒಗೆದ ಬಿಳಿ ಹತ್ತಿಬಟ್ಟೆ ಸಾಕು. ಅಂದ ಹಾಗೆ, ಆ ವಸ್ತುಗಳು ಎಲ್ಲಿಂದ ಬಂದವು ಎಂಬ ದಾಖಲೆ ಇಲ್ಲದಿದ್ದರೆ ಮೊದಲು ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ.

ಉಳಿದ ಪಾತ್ರೆಗಳಿಗೆ ಇಟ್ಟಿಗೆ ಮತ್ತು ಕಡಪ ಕಲ್ಲು. ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಚಪ್ಪಡಿ ಸುಮಾರು 20 ಕೆಜಿ ತೂಗುತ್ತದೆ, ಮಕ್ಕಳು ಒರಗಿದರೂ ಸುಲಭವಾಗಿ ಅಲುಗುವುದಿಲ್ಲ. ಎರಡು ಅಡಿಗೊಂದು ಆಸರೆ ಇರಲಿ. ಇಟ್ಟಿಗೆಯ ಕಂಬಗಳು ಮೊಣಕಾಲಿಗಿಂತ ಎತ್ತರವಾಗುವುದಾದರೆ ಗಾರೆ ಹಾಕಿಸಿ, ಸುಮ್ಮನೆ ಪೇರಿಸಬೇಡಿ. ಕಲ್ಲಿನ ಕಪ್ಪು ಹಿನ್ನೆಲೆಯಲ್ಲಿ ಸುಟ್ಟ ಮಣ್ಣಿನ ಕೆಂಪು ಎದ್ದು ಕಾಣುತ್ತದೆ, ಸ್ಯಾಟಿನ್ ಬಟ್ಟೆ, ಥರ್ಮೋಕೋಲ್ ಯಾವುದೂ ಬೇಡ.

ದುಂಡು ಬುಡದ ಮಡಕೆಗೆ ನಮ್ಮ ಅಜ್ಜಿಯರ ಸಿಂಬಿಗಿಂತ ಒಳ್ಳೆಯ ಆಸರೆ ಇಲ್ಲ. ದೊಡ್ಡ ಸಂಗ್ರಹಾಲಯಗಳು ಫೋಮ್ ಕತ್ತರಿಸಿ ಮಾಡಿಕೊಳ್ಳುವ ಉಂಗುರವೂ ಇದೇ ತತ್ವದ್ದು. ಹುಲ್ಲಿನದಾದರೆ ಹುಳು ಬರುತ್ತದೆ, ಆದ್ದರಿಂದ ಹಳೆಯ ಹತ್ತಿ ಸೀರೆಯನ್ನು ಹೊಸೆದು ಸುತ್ತಿ. ಸಿಂಬಿಯ ಅಗಲ ಮಡಕೆಯ ಹೊಟ್ಟೆಯ ಅರ್ಧದಷ್ಟಾದರೂ ಇರಲಿ. ಗಟ್ಟಿಮುಟ್ಟಾದ ಮಡಕೆಯೊಳಗೆ ಒಣ ಮರಳು ತುಂಬಿದ ಬಟ್ಟೆಚೀಲವೊಂದನ್ನು ಮೆಲ್ಲಗೆ ಇಳಿಸಿ, ಭಾರ ಕೆಳಕ್ಕೆ ಬಂದು ಮಡಕೆ ಸುಲಭಕ್ಕೆ ಉರುಳುವುದಿಲ್ಲ. ಬಿರುಕು ಬಿಟ್ಟದ್ದಕ್ಕೆ ಇದು ಬೇಡ. ಚಪ್ಪಡಿಯ ಮುಂದಿನ ಅಂಚಿನಿಂದ ಒಂದು ಗೇಣು ಜಾಗ ಖಾಲಿ ಬಿಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಸಂಗ್ರಹಾಲಯದಲ್ಲಿ ದೊಣ್ಣೆಯ ಕೆಲಸ ಮಾಡುವುದು ಬೆನ್ನಿಗೆ ನೇತುಹಾಕಿದ ಶಾಲಾ ಚೀಲ. ಬಾಗಿಲ ಬಳಿಯೇ ಚೀಲ ಇಡಲು ಒಂದು ಬೆಂಚು ಹಾಕಿ.

ಬೆಳಕಿನ ವಿಷಯದಲ್ಲಿ ನೀವು ಅದೃಷ್ಟವಂತರು. ಬಟ್ಟೆ, ಕಾಗದಗಳನ್ನು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಇಡಬೇಕಾಗುತ್ತದೆ. ಸುಟ್ಟ ಮಣ್ಣು ಬೆಳಕಿಗೆ ಮಾಸುವುದಿಲ್ಲ. ಆಮೇಲೆ ಬಳಿದ ಬಣ್ಣವೋ ಅಂಟಿಸಿದ ಬಿರುಕೋ ಇದ್ದರೆ ಮಾತ್ರ ಬಿಸಿಲಿನಿಂದ ದೂರವಿಡಿ. ಚಾವಣಿಯ ಟ್ಯೂಬ್‌ಲೈಟ್ ಆರಿಸಿ, ಒಂದು ಬದಿಯ ಕಿಟಕಿ ಮಾತ್ರ ತೆರೆದು ನೋಡಿ. ಬೆಳಕು ಓರೆಯಾಗಿ ಮೈಮೇಲೆ ಹಾದಾಗ ನೀರಿನ ಗಡಿಗೆಯ ಕತ್ತಿನಲ್ಲಿ ಸಣ್ಣ ಸಣ್ಣ ಗೆರೆಗಳು ಸುತ್ತಿಕೊಂಡಿರುವುದು ಕಾಣುತ್ತದೆ, ಅದು ತಿಗರಿಯ, ಅಂದರೆ ಕುಂಬಾರನ ಚಕ್ರದ, ಗುರುತು. ಭುಜದಿಂದ ಕೆಳಗೆ ಆ ಗೆರೆಗಳು ಮಾಯ, ಬದಲಿಗೆ ಬೆರಳಗಲದ ಚಪ್ಪಟೆ ತಟ್ಟುಗಳು. ಒಳಗೆ ಕಲ್ಲು ಒತ್ತಿಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಹೊಟ್ಟೆಯನ್ನು ಉಬ್ಬಿಸಿದ್ದರ ಗುರುತು ಅದು. ಒಂದೇ ಗಡಿಗೆಯಲ್ಲಿ ಎರಡು ಕೆಲಸ. ಕಿಟಕಿ ಇಲ್ಲದ ಮೂಲೆಗೆ ಒಂದು ಓದುವ ಟೇಬಲ್ ಲ್ಯಾಂಪ್ ಸಾಕು.

ಪಿಂಗಾಣಿ ಇದ್ದರೆ ಅದರ ಗುಟ್ಟು ಬುಡದಲ್ಲಿ. ಹಂಪಿಯ ಉತ್ಖನನಗಳಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಇಂಥ ಪಾತ್ರೆಗಳ ಬುಡದ ಬಳೆಯಲ್ಲಿ ಮೆರುಗು ಹತ್ತದ ಜಾಗ ಉಳಿದಿರುತ್ತದೆ, ಒಳಗಿನ ಮಣ್ಣು ಎಷ್ಟು ನಯ ಎಂಬುದು ಅಲ್ಲಿ ತಿಳಿಯುತ್ತದೆ. ಒಂದು ಸಣ್ಣ ಕನ್ನಡಿಯನ್ನು ಕೆಳಗಿಟ್ಟು, ಪಾತ್ರೆಯನ್ನು ಮೂರು ಸಮನಾದ ಮರದ ತುಂಡುಗಳ ಮೇಲೆ ಎತ್ತಿ ಕೂರಿಸಿ.

ಫಲಕದಲ್ಲಿ ‘ಮಡಕೆ, ಮಣ್ಣು, 20ನೇ ಶತಮಾನ’ ಎಂದು ಬರೆದರೆ ಓದಿದವರಿಗೆ ಸಿಗುವುದೇನು? ‘ಬುಡದ ಮಸಿ ನೋಡಿ, ಇದು ಒಲೆಯ ಮೇಲೆ ಕೂತದ್ದು. ಕೊಟ್ಟವರು ಇದರಲ್ಲಿ ಹುರುಳಿ ಬೇಯಿಸುತ್ತಿದ್ದರು’ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದಕ್ಕಾಗಿ ಕೊಟ್ಟವರ ಮನೆಗೆ ಹೋಗಿ ಕೇಳಬೇಕಾಗುತ್ತದೆ, ಅದು ವಿದ್ಯಾರ್ಥಿಗಳಿಗೆ ಒಪ್ಪಿಸಬಹುದಾದ ಕೆಲಸ.

ಕೊನೆಗೊಂದು ಎಚ್ಚರಿಕೆ. ಉದ್ಘಾಟನೆಯ ಹಿಂದಿನ ದಿನ ಯಾರಾದರೂ ಉತ್ಸಾಹಿಗಳು ಎಣ್ಣೆ, ವಾರ್ನಿಷ್ ಅಥವಾ ಕೆಮ್ಮಣ್ಣು ಹಿಡಿದು ಬಂದೇ ಬರುತ್ತಾರೆ, ಮಡಕೆ ಹೊಳೆಯಲಿ ಎಂದು. ಅವರಿಗೆ ತೋರಣ ಕಟ್ಟುವ ಕೆಲಸ ಕೊಡಿ. ಮಸಿಯನ್ನು ಯಾರೂ ಉಜ್ಜದಂತೆ ನೋಡಿಕೊಳ್ಳಿ. ಎತ್ತುವಾಗ ಬಾಯಂಚು ಹಿಡಿಯದೆ, ಉಂಗುರ ಬಳೆ ತೆಗೆದಿಟ್ಟು, ಒಂದು ಕೈ ಬುಡಕ್ಕೆ ಕೊಟ್ಟು ಎತ್ತಿ. ಹತ್ತಿಯ ಕೈಗವಸು ಜಾರುತ್ತದೆ, ತೊಳೆದು ಒಣಗಿಸಿದ ಬರಿಗೈಯೇ ವಾಸಿ. ಏನಾದರೂ ಒಡೆದರೆ ಅಂಗಡಿಯ ಅಂಟು ಹಾಕಿ ಕೂಡಿಸಬೇಡಿ, ಚೂರುಗಳನ್ನೆಲ್ಲ ಒಂದು ಡಬ್ಬದಲ್ಲಿ ಹಾಕಿ, ದಿನಾಂಕ ಬರೆದು ಇಡಿ. ಕೊಠಡಿಯ ಅಳತೆ ಮತ್ತು ಕಿಟಕಿ ಯಾವ ದಿಕ್ಕಿಗಿದೆ ಎಂಬುದನ್ನು ತಿಳಿಸಿದರೆ ಚಪ್ಪಡಿಗಳನ್ನು ಎಲ್ಲಿ ಹಾಕಬೇಕೆಂದು ನಕ್ಷೆ ಬರೆದುಕೊಡುತ್ತೇನೆ.