ಬೈಕ್ ಇಳಿದ ಮಗ ದೋಣಿಯಲ್ಲಿ ಮನೆ ಮಾಡ್ತೀನಿ ಅಂದಾಗ

ಹಾಸನದಲ್ಲಿ ನನ್ನ ಬಳಿ ಆಪ್ತಸಲಹೆಗೆ ಈ ಮೂವರು ಒಟ್ಟಿಗೇ ಬಂದರು. ಅಪ್ಪ, ಅಮ್ಮ, ಮೂವತ್ತೆರಡರ ಮಗ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮಗ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬೈಕ್ ಹತ್ತಿದವರು. ಸ್ಪಿತಿ, ಲಡಾಖ್, ಅಲ್ಲಿಂದ ಅಸ್ಸಾಂ, ಮೇಘಾಲಯ, ಕೊನೆಗೆ ಪೂರ್ವ ಕರಾವಳಿ ಹಿಡಿದು ವಾಪಸ್. ಎಂಟು ತಿಂಗಳು ಒಬ್ಬರೇ. ಊರಿಗೆ ಬಂದು ತಿಂಗಳು ಕಳೆದರೂ ಬೈಕಿಗೆ ಕಟ್ಟಿದ ಬ್ಯಾಗ್ ಬಿಚ್ಚಿರಲಿಲ್ಲ. ಒಳಗೆ ಮಂಚವಿದ್ದರೂ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಅಷ್ಟರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬಾಡಿಗೆ ಮನೆ ಬೇಡ, ಒಂದು ನ್ಯಾರೋಬೋಟ್ (ಒಳಗೇ ವಾಸ ಮಾಡಬಹುದಾದ, ಉದ್ದನೆಯ ಕಿರಿದಾದ ಕಾಲುವೆ ದೋಣಿ) ಕೊಂಡು ಕಾಲುವೆಯಲ್ಲೇ ಇದ್ದು ಕೆಲಸಕ್ಕೆ ಹೋಗ್ತೀನಿ ಅಂದರು. ಅಲ್ಲಿಂದ ಮನೆಯಲ್ಲಿ ಮಾತುಕತೆ ನಿಂತೇಹೋಯಿತು.

"ಇವನಿಗೆ ಏನೋ ಆಗಿದೆ ಮೇಡಂ. ಔಷಧಿ ಏನಾದ್ರೂ ಕೊಡ್ಸಬೇಕಾ?" ಎಂದು ಅಮ್ಮ ಕೇಳಿದರು.

ತಾಯಿಯ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಗನ ಜೊತೆ ಒಂಟಿಯಾಗಿ ಕೂತು ನಿದ್ದೆ, ಊಟ, ಕುಡಿತ, ಬದುಕು ಬೇಡ ಅನ್ನಿಸುವ ಯೋಚನೆ, ಎಲ್ಲವನ್ನೂ ಕೇಳಿದೆ. ಎರಡು ವಾರಕ್ಕೂ ಜಾಸ್ತಿ ದಿನ ಮನಸ್ಸು ಕುಗ್ಗೇ ಇದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ ಹಸಿವು ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಇವರಲ್ಲಿ ಹಾಗಿರಲಿಲ್ಲ. ಚೆನ್ನಾಗಿ ಉಣ್ಣುತ್ತಿದ್ದರು, ಬೆಳಿಗ್ಗೆ ಎದ್ದು ತೋಟದ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಮನೆಯೊಳಗೆ ಕೂತರೆ ಮಾತ್ರ ಚಡಪಡಿಕೆ.

ದೊಡ್ಡ ಪ್ರಯಾಣ ಮುಗಿಸಿದ ಎಷ್ಟೋ ಜನರಿಗೆ ಹೀಗಾಗುತ್ತದೆ. ದಾರಿಯಲ್ಲಿ ದಿನಕ್ಕೊಂದು ಸ್ಪಷ್ಟ ಕೆಲಸ ಇರುತ್ತದೆ. ಕತ್ತಲಾಗುವುದರೊಳಗೆ ಮುಂದಿನ ಊರು ಸೇರಬೇಕು, ಚೈನಿಗೆ ಎಣ್ಣೆ ಬಿಡಬೇಕು, ಮಲಗಲು ಜಾಗ ಹುಡುಕಬೇಕು. ರಾತ್ರಿ ಆ ದಿನ ಮುಗಿಯಿತು ಅನ್ನಿಸುತ್ತದೆ. ಮನೆಗೆ ಬಂದ ಮೇಲೆ ಯಾವುದೂ ಮುಗಿಯುವುದಿಲ್ಲ. ಮದುವೆ ಮಾತು, ಸಾಲದ ಮಾತು, ತಮ್ಮನ ಕೆಲಸದ ಮಾತು. ಹಾಗಾಗಿ ದೋಣಿಯ ಆಸೆಯೇ ಕಾಯಿಲೆ ಅಲ್ಲ ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ.

ಮಗನಿಗೆ ಒಂದು ಮನೆಗೆಲಸ ಕೊಟ್ಟೆ. ಜನವರಿಯ ಯಾವುದೋ ಒಂದು ಮಂಗಳವಾರ, ಬೆಳಿಗ್ಗೆಯಿಂದ ರಾತ್ರಿವರೆಗೆ ದೋಣಿಯಲ್ಲಿ ನಿಮ್ಮ ದಿನ ಹೇಗಿರುತ್ತದೆ, ಗಂಟೆ ಗಂಟೆಯಾಗಿ ಬರೆದು ತನ್ನಿ ಎಂದೆ. ಚೆನ್ನಾಗಿ ಓದಿಕೊಂಡು ಬರೆದಿದ್ದರು. ದೋಣಿಯ ಅಗಲ ಏಳು ಅಡಿಯೂ ಇರುವುದಿಲ್ಲ. ಕಾಯಂ ಕಟ್ಟುವ ಜಾಗ ಇಲ್ಲದವರು 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ, ಅಲ್ಲಿನ ಕಾಲುವೆಗಳ 1995ರ ಕಾಯ್ದೆಯೇ ಹಾಗಿದೆ. ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದು ಸೌದೆ ಹಾಕಬೇಕು. ಗಾಜಿನ ಮೇಲೆ ಇಳಿದ ನೀರು ಒರೆಸಬೇಕು. ಟ್ಯಾಂಕಿಗೆ ನೀರು ತುಂಬಿಸಬೇಕು, ಶೌಚದ ಡಬ್ಬಿ ಹೊತ್ತುಕೊಂಡು ಹೋಗಿ ಖಾಲಿ ಮಾಡಬೇಕು. ಚಳಿಗಾಲದಲ್ಲಿ ಸೋಲಾರ್ ನಂಬಿಕೊಂಡು ಲ್ಯಾಪ್‌ಟಾಪ್ ನಡೆಸುವುದು ಕಷ್ಟ. ಇದೆಲ್ಲ ಎಂಟು ಗಂಟೆ ಕಂಪನಿ ಕೆಲಸದ ಜೊತೆಗೆ.

ನಾಲ್ಕೂವರೆಗೆ ಕತ್ತಲು ಎಂದು ಬರೆದು, ಆಮೇಲಿನ ಸಾಲುಗಳನ್ನು ಖಾಲಿ ಬಿಟ್ಟಿದ್ದರು.

"ಇಲ್ಲಿ ಯಾಕೆ ಏನೂ ಬರೆದಿಲ್ಲ?"

"ಯಾರ ಜೊತೆ ಮಾತಾಡ್ತೀನಿ ಅಂತ ಗೊತ್ತಾಗಲಿಲ್ಲ ಮೇಡಂ."

ನಮ್ಮ ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಬೈಕ್ ಪ್ರಯಾಣದಲ್ಲಿ ಡಾಬಾ, ಮೆಕ್ಯಾನಿಕ್ ಅಂಗಡಿ, ಪೆಟ್ರೋಲ್ ಬಂಕ್, ಎಲ್ಲಿ ನಿಂತರೂ ಜನ ತಾವಾಗಿ ಬಂದು ಎಲ್ಲಿಂದ, ಯಾಕೆ ಎಂದು ವಿಚಾರಿಸುತ್ತಿದ್ದರು. ಇವರಿಗೆ ಇಷ್ಟವಾಗಿದ್ದು ಒಂಟಿತನ ಅಲ್ಲ, ಆ ಮಾತುಕತೆ. ಅದು ತಿಳಿಯದೆ ದೋಣಿಗೆ ದುಡ್ಡು ಸುರಿದಿದ್ದರೆ, ಮೊದಲ ಚಳಿಗಾಲ ತುಂಬಾ ಭಾರವಾಗುತ್ತಿತ್ತು.

ಇನ್ನು ಅಪ್ಪ. ಎರಡು ಸಲ ಬಂದರೂ ತುಟಿ ಬಿಚ್ಚಿರಲಿಲ್ಲ. ಮೂರನೇ ಸಲ ಹೇಳಿದರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಕಟ್ಟಿ 1979ರ ಸುಮಾರಿಗೆ ನೀರು ನಿಲ್ಲಿಸಿದಾಗ ಅವರಿನ್ನೂ ಹೈಸ್ಕೂಲ್ ಹುಡುಗ. ಮನೆ, ಗದ್ದೆ, ಊರು ಎಲ್ಲ ಮುಳುಗಡೆ. ತೊಲೆ, ಬಾಗಿಲು ಕಿತ್ತು ಗಾಡಿಗೆ ಹೇರಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. "ನೆಲ ಕಂಡ್ಕೊಳ್ಳೋಕೆ ನಮ್ಮಪ್ಪ ಸವೆದುಹೋದ್ರು. ಇವನು ಇರೋ ನೆಲ ಬಿಟ್ಟು ನೀರಿಗೆ ಹೋಗ್ತೀನಿ ಅಂತಾನೆ" ಎಂದು ದನಿ ನಡುಗಿಸಿದರು. ಮಗನಿಗೆ ಮುಳುಗಡೆಯ ಕಥೆ ಗೊತ್ತಿತ್ತು. ಅದು ಅಪ್ಪನಿಗೆ ಇಷ್ಟು ನೋವು ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಅದೇ ಅಣೆಕಟ್ಟಿನ ಹಿನ್ನೀರು ಇಳಿದು ಶೆಟ್ಟಿಹಳ್ಳಿಯ ಹಳೇ ಚರ್ಚಿನ ಗೋಡೆಗಳು ಬುಡದವರೆಗೆ ಕಾಣುವಾಗ ಇಬ್ಬರೂ ಆ ಕಡೆ ಹೋಗಿಬನ್ನಿ ಎಂದೆ. ಹೋದರು, ಅದೇ ಬೈಕಿನಲ್ಲಿ.

ಕೊನೆಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಪ್ರಯಾಣದಿಂದ ಬಂದ ಬಿಸಿಯಲ್ಲಿ ದೋಣಿ ಕೊಳ್ಳಬೇಡಿ. ಮೊದಲ ಆರು ತಿಂಗಳು ಆಫೀಸಿಗೆ ಹತ್ತಿರ ಒಂದು ರೂಮ್ ಮಾಡಿ. ಕಂಪನಿ, ಬ್ಯಾಂಕು ಎಲ್ಲರೂ ವಿಳಾಸ ಕೇಳುತ್ತಾರೆ, ಅದೂ ಸುಲಭವಾಗುತ್ತದೆ. ಚಳಿಗಾಲದಲ್ಲೇ ಒಂದೆರಡು ವಾರ ದೋಣಿ ಬಾಡಿಗೆಗೆ ಹಿಡಿದು, ರಜೆ ಹಾಕದೆ, ಅಲ್ಲಿಂದಲೇ ಕೆಲಸ ಮಾಡಿ ನೋಡಿ. ಬೇಸಿಗೆಯಲ್ಲಿ ನೋಡಿ ಒಪ್ಪಿಕೊಂಡರೆ ಅರ್ಧವನ್ನೇ ನೋಡಿದ ಹಾಗೆ. ಒಲೆ ಇರುವ ದೋಣಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಎಂದು ನೋಡದೆ ಒಂದು ರಾತ್ರಿಯೂ ಮಲಗಬೇಡಿ, ಆ ಅನಿಲಕ್ಕೆ ವಾಸನೆಯೇ ಇಲ್ಲ. ವಾರದಲ್ಲಿ ಎರಡು ಸಂಜೆ ಜನರ ಜೊತೆ ಇರುವ ಯಾವುದಾದರೂ ಕೆಲಸ ಹಚ್ಚಿಕೊಳ್ಳಿ.

ಅಪ್ಪ ಅಮ್ಮನಿಗೆ ಕೇಳಿಕೊಂಡದ್ದು ಒಂದೇ. ಫೋನಿನಲ್ಲಿ "ವಾಪಸ್ ಯಾವಾಗ" ಎಂದು ಶುರು ಮಾಡಬೇಡಿ, ಇವತ್ತು ಏನು ಮಾಡಿದೆ ಎಂದು ಕೇಳಿ. ಮಾತು ತೀರಾ ಕಡಿಮೆಯಾದರೆ, ಮಗ ಮಂಕಾದ ಅನ್ನಿಸಿದರೆ, ನನಗೆ ಹೇಳಿ. ನಾನು ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು.

ಈಗ ಆತ ಬರ್ಮಿಂಗ್‌ಹ್ಯಾಮ್‌ನಲ್ಲಿ ರೂಮಿನಲ್ಲಿದ್ದಾರೆ. ಶನಿವಾರ ಒಬ್ಬರು ವಯಸ್ಸಾದ ದೋಣಿಯವರಿಗೆ ಎಂಜಿನ್ ಕೆಲಸದಲ್ಲಿ ಕೈಜೋಡಿಸುತ್ತಾರಂತೆ. ಜನವರಿಗೆ ಬಾಡಿಗೆ ದೋಣಿ ಗೊತ್ತಾಗಿದೆ. ಕೊಳ್ಳುವ ಮಾತು ಮಾರ್ಚ್ ನಂತರ, ಆಗ ನಾಲ್ವರೂ ವಿಡಿಯೋ ಕರೆಯಲ್ಲಿ ಕೂರುತ್ತೇವೆ.